ಚನಿಯ ಇಳಿದ ಬಾವಿ

ಬೆಳ್ಮಣ್ಣಿನ ಹತ್ತಿರದ ಹಳ್ಳಿಯಿಂದ ಯಂಕಣ್ಣ ಮುಂಬಯಿ ಬಳಿಯ ಕಲ್ಯಾಣಕ್ಕೆ ಬಂದದ್ದು ಹೋಟೆಲಿನಲ್ಲಿ ತಟ್ಟೆ ತೊಳೆಯಲು. ಎಂಟೇ ತಿಂಗಳಲ್ಲಿ ಅಲ್ಲಿಂದ ಹೊರಬಿದ್ದ. ಅಮ್ಮನನ್ನು ಸೇರಿಸಿ ಬೈದ ಮ್ಯಾನೇಜರನ ಮುಖವನ್ನು ಸಿಂಕಿನ ಬಿಸಿನೀರಿಗೆ ಅದ್ದಿದ್ದ. ಅವನಿಗೆ ಮೊದಲಿನಿಂದಲೂ ಮಾತಿಗಿಂತ ಕೈ ಮುಂದೆ.

ಅಪ್ಪನಿಂದ ಕಲಿತ ಬಾವಿ ಕೆಲಸ ಅವನ ಹೊಟ್ಟೆ ಹೊರೆಯಿತು. ಕಲ್ಯಾಣ, ಡೊಂಬಿವಲಿ, ಟಿಟ್ವಾಳಾ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ ಆಗ ಇನ್ನೂ ಬಾವಿಗಳಿದ್ದವು. ಬೇಸಿಗೆಯಲ್ಲಿ ಹೂಳು ತೆಗೆಯುವುದು, ಕುಸಿದ ಕಲ್ಲು ಕಟ್ಟುವುದು, ಬೇಡವಾದ ಬಾವಿಯನ್ನು ಮುಚ್ಚುವುದು. ಕೆಲವು ವರ್ಷಗಳ ನಂತರ ತಮ್ಮ ಚನಿಯನನ್ನೂ ಕರೆಸಿಕೊಂಡ. ಚನಿಯ ಮೃದು ಸ್ವಭಾವದವನು. ಯಾರು ಏನು ಹೇಳಿದರೂ ಇಲ್ಲ ಎನ್ನಲು ಬಾರದು. ಅದಕ್ಕೇ ಯಂಕಣ್ಣ ಅವನಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿಟ್ಟಿದ್ದ: ಉರಿಯುವ ಚಿಮಿಣಿ ದೀಪವನ್ನು ತಳದವರೆಗೆ ಇಳಿಸಬೇಕು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು, ಅದೂ ಮೇಲೆ ಅಣ್ಣ ಹಗ್ಗ ಹಿಡಿದಿದ್ದರೆ.

ಎರಡು ಸಾವಿರದ ಹತ್ತೊಂಬತ್ತರ ಮೇ ತಿಂಗಳಲ್ಲಿ ಡೊಂಬಿವಲಿಯಲ್ಲಿ ನೀರಿಗೆ ಹಾಹಾಕಾರ. ಉಡುಪಿ ಕಡೆಯ ಲೀಲಾಧರ ಎಂಬ ಹೋಟೆಲ್ ಮಾಲೀಕ ಊರಂಚಿನಲ್ಲಿ ಒಂದು ಹಳೆಯ ಹಂಚಿನ ಮನೆ ಕೊಂಡಿದ್ದ. ಹಿತ್ತಲಿನ ಬಾವಿಗೆ ಇಪ್ಪತ್ತು ವರ್ಷದ ಹಿಂದೆಯೇ ಕಲ್ಲುಚಪ್ಪಡಿ ಮುಚ್ಚಿದ್ದರು. ಅದನ್ನು ತೆಗೆಸಿ ನೀರು ಹಿಡಿಯಬೇಕೆಂದು ಅವನು ಈ ಅಣ್ಣತಮ್ಮಂದಿರನ್ನು ಕರೆಸಿದ.

ಚಪ್ಪಡಿ ಒಡೆದು ದೀಪ ಇಳಿಸಿದರೆ ಹನ್ನೆರಡು ಅಡಿಗೇ ಆರಿತು. ನಲವತ್ತು ಅಡಿಯ ಬಾವಿ, ತಳದಲ್ಲಿ ಕಪ್ಪು ನೀರು. ಅದನ್ನು ಹೊರಹಾಕಲು ಲೀಲಾಧರ ಡೀಸೆಲ್ ಪಂಪು ತರಿಸಿ, ಯಂಕಣ್ಣ ಬೇಡ ಬೇಡವೆಂದರೂ ಕೇಳದೆ, ಬಾವಿಯೊಳಗೆ ಹತ್ತಡಿ ಕೆಳಗಿದ್ದ ಕಲ್ಲಿನ ಮೆಟ್ಟಿಲ ಮೇಲೆಯೇ ಇಳಿಸಿ ಕೂರಿಸಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದು ಒಳಗೇ ಹೊಗೆಯುಗುಳಿತು. ಆಮೇಲೆ ಪೈಪಿಗೆ ಕಸ ಸಿಕ್ಕಿ ನಿಂತಿತು.

"ಇವತ್ತು ಯಾರೂ ಇಳಿಯುವುದು ಬೇಡ ಧನಿ," ಎಂದ ಯಂಕಣ್ಣ. "ಒಳಗೆ ಪೂರಾ ವಿಷ ತುಂಬಿದೆ. ನಾನು ಕಲ್ಯಾಣದಿಂದ ಗಾಳಿ ಊದುವ ಫ್ಯಾನು ತರ್ತೇನೆ. ನಾಳೆ ನೋಡುವ."

"ನಾಳೆ ಮನೆಯಲ್ಲಿ ಪೂಜೆ ಉಂಟು ಮಾರಾಯ. ನೂರು ಜನ ಬರ್ತಾರೆ. ಟ್ಯಾಂಕರ್‌ನವ ಫೋನೇ ಎತ್ತುವುದಿಲ್ಲ."

"ಆಗುವುದಿಲ್ಲ," ಎಂದು ಹೇಳಿ ಯಂಕಣ್ಣ ರಿಕ್ಷಾ ಹತ್ತಿದ.

ನಾಲ್ಕು ಗಂಟೆಗೆ ಅವನು ಟೆಂಪೋದಲ್ಲಿ ಫ್ಯಾನು ಹೇರಿಕೊಂಡು ಬಂದಾಗ ಬಾವಿಕಟ್ಟೆಯ ಸುತ್ತ ಜನ ನೆರೆದಿದ್ದರು. ಯಾರೋ ಜಾಗ ಬಿಟ್ಟರು. ಬಗ್ಗಿ ನೋಡಿದ. ಚನಿಯನ ನೀಲಿ ಅಂಗಿ ನೀರಿನ ಮೇಲೆ ಉಬ್ಬಿಕೊಂಡಿತ್ತು. ಮುಖ ನೀರಿನೊಳಗಿತ್ತು.

ಯಂಕಣ್ಣ ಕಟ್ಟೆಗೆ ಕಾಲು ಹಾಕಿದ. ಹಿಂದಿನಿಂದ ಹಿಡಿದ ಮನೆಯ ವಾಚ್‌ಮನ್ನನ ಮೂಗಿಗೆ ಮೊಣಕೈಯಿಂದ ಗುದ್ದಿದ, ರಕ್ತ ಬಂತು. ಆದರೆ ಇನ್ನೊಂದು ಕಾಲು ಎತ್ತಲಿಲ್ಲ. ಇಳಿದರೆ ಎರಡು ಹೆಣವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿರಲಿಲ್ಲ. ಬಿದ್ದ ಕೊಡ ಎತ್ತುವ ಪಾತಾಳಗರಡಿ ಅವನ ಚೀಲದಲ್ಲಿತ್ತು. ಹಗ್ಗ ಕಟ್ಟಿ, ಆ ಕಬ್ಬಿಣದ ಕೊಕ್ಕೆಗಳನ್ನು ತಮ್ಮನ ಮೇಲೆ ಎಸೆದ. ಎರಡು ಸಲ ಜಾರಿತು. ಮೂರನೆಯ ಸಲ ಕತ್ತಿನ ಹಿಂದೆ ಎಲ್ಲೋ ಕಚ್ಚಿಕೊಂಡಿತು. ಹಲ್ಲು ಕಚ್ಚಿ ಎಳೆದ. ಮುಖ ನೀರಿನಿಂದ ಮೇಲೆ ಬಂತು, ಕಣ್ಣು ತೆರೆದೇ ಇತ್ತು. ಅದು ಮತ್ತೆ ಮುಳುಗದ ಹಾಗೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಫ್ಯಾನು ಹಾಕಿಸಿ, ಅಗ್ನಿಶಾಮಕದವರು ಬರುವವರೆಗೆ ನಲವತ್ತು ನಿಮಿಷ ನಿಂತ.

ಅಗ್ನಿಶಾಮಕದವರು ಮುಖವಾಡ ಹಾಕಿಕೊಂಡು ಇಳಿದು ಚನಿಯನನ್ನು ಮೇಲೆ ತಂದು ಅಂಗಳದಲ್ಲಿ ಮಲಗಿಸಿದರು. ಉಸಿರಿರಲಿಲ್ಲ. ಕೊಕ್ಕೆ ಸಿಕ್ಕಿದ್ದು ಅಂಗಿಗಲ್ಲ, ಮಾಂಸಕ್ಕೆ. ಕತ್ತಿನ ಹಿಂಭಾಗ ಕಿವಿಯವರೆಗೆ ಸೀಳಿತ್ತು.

ಆಗ ಯಂಕಣ್ಣನ ಕಿವಿಗೆ ಲೀಲಾಧರನ ಮಾತು ಬಿತ್ತು. ಅವನು ಯಾರೊಡನೆಯೋ ಫೋನಿನಲ್ಲಿದ್ದ. "ಕುಡಿದಿದ್ದ. ಬೇಡ ಅಂದ್ರೂ ಕೇಳ್ಲಿಲ್ಲ, ಅವನಾಗಿಯೇ ಇಳಿದ."

ಚನಿಯ ಜನ್ಮದಲ್ಲಿ ಕುಡಿದವನಲ್ಲ.

ಚಪ್ಪಡಿ ಒಡೆದ ಸಲಾಕೆ ಕಟ್ಟೆಗೆ ಒರಗಿತ್ತು. ಮೊದಲ ಏಟು ಲೀಲಾಧರನ ಮೊಣಕಾಲಿಗೆ. ತೆಂಗಿನ ಗರಿಯ ಒಣ ಕೊತ್ತಳಿಗೆ ಮುರಿದ ಹಾಗೆ ಸದ್ದಾಯಿತು. ತಡೆಯಲು ಎತ್ತಿದ ಕೈಗೆ ಎರಡನೆಯದು. ಮೂರನೆಯ ಏಟಿಗೆ ದವಡೆ ಪಕ್ಕಕ್ಕೆ ಹೋಗಿ, ಹಲ್ಲುಗಳು ಅಂಗಿಯ ಮೇಲೆ ಉದುರಿದವು. ಹತ್ತಿರ ಬಂದವರತ್ತ ಸಲಾಕೆ ಬೀಸಿದ. ಅಗ್ನಿಶಾಮಕದವರೂ ಹಿಂದೆ ಸರಿದರು. ಸಲಾಕೆ ಎಸೆದು, ಲೀಲಾಧರನ ಕೂದಲು ಹಿಡಿದು ಎಳೆದೊಯ್ದು, ಎದೆಯವರೆಗೆ ಬಾವಿಯೊಳಕ್ಕೆ ಬಗ್ಗಿಸಿದ.

"ಹೇಳು. ಯಾರು ಇಳಿಯಲಿಕ್ಕೆ ಹೇಳಿದ್ದು?"

ಲೀಲಾಧರನ ಬಾಯಿಂದ ರಕ್ತ ತೊಟ್ಟಿಕ್ಕಿ ಕೆಳಗಿನ ನೀರಿಗೆ ಬೀಳುತ್ತಿತ್ತು. ಯಂಕಣ್ಣ ಅವನ ಸೊಂಟದ ಬೆಲ್ಟಿಗೆ ಕೈ ಹಾಕಿದ. ಎತ್ತಿದರೆ ಮುಗಿಯಿತು.

"ಅಂಕಲ್."

ಲೀಲಾಧರನ ಮಗಳು ಮಾನಸಿ, ಕಾಲೇಜಿನ ಕೊನೆಯ ವರ್ಷದವಳು, ಹಿಂಬಾಗಿಲಲ್ಲಿ ನಿಂತಿದ್ದಳು. "ಪಪ್ಪಾನೇ ಹೇಳಿದ್ದು. ದೋ ಮಿನಿಟ್ ಕಾ ಕಾಮ್ ಹೈ, ಎರಡೇ ನಿಮಿಷ, ಪೈಪ್ ಬಿಡಿಸಿ ಬಾ ಅಂತ. ನಿಮ್ಮ ತಮ್ಮ, ಅಣ್ಣ ಬರ್ಲಿ ಅಂದ್ರು. ಪಪ್ಪಾ ಬೈದ್ರು. ಮೈನೇ ಸುನಾ, ನನ್ನ ಕಿವಿಯಾರೆ. ಪೊಲೀಸರಿಗೂ ಹೇಳ್ತೇನೆ. ಪಪ್ಪಾನನ್ನು ಬಿಡಿ."

ಯಂಕಣ್ಣ ಅವಳನ್ನು ನೋಡಿದ. ಆಮೇಲೆ ಲೀಲಾಧರನನ್ನು ಹಿಂದಕ್ಕೆಳೆದು ಅಂಗಳದಲ್ಲಿ ಬಿಟ್ಟು, ತಮ್ಮನ ಪಕ್ಕ ಕುಳಿತ. ಪೊಲೀಸರು ಬಂದಾಗ ಏಳಲು ಹೇಳಬೇಕಾಯಿತು.

ಮಾನಸಿ ಹೇಳಿದಂತೆ ನಡೆದುಕೊಂಡಳು. ಅಪ್ಪ ಚನಿಯನನ್ನು ಬೈದು ಇಳಿಸಿದ್ದನ್ನು ಹೇಳಿದಳು. ಯಂಕಣ್ಣ ಎಲ್ಲೆಲ್ಲಿ ಎಷ್ಟು ಹೊಡೆದ ಎನ್ನುವುದನ್ನೂ ಹೇಳಿದಳು. ಮನೆಯವರು ಅವಳ ಜೊತೆ ಮಾತು ಬಿಟ್ಟರು. ಅವಳು ಥಾಣೆಯ ಹಾಸ್ಟೆಲಿಗೆ ಹೋದಳು. ಯಂಕಣ್ಣ ಎರಡೂವರೆ ವರ್ಷ ಒಳಗಿದ್ದ. ಲೀಲಾಧರನ ಮೇಲಿನ ಕೇಸು ಇನ್ನೂ ಮುಗಿದಿಲ್ಲ. ಅವನು ಕುಂಟುತ್ತ ಕೋರ್ಟಿನ ತಾರೀಖಿಗೆ ಬರುತ್ತಾನೆ. ಆ ಬಾವಿಗೆ ಕಟ್ಟಡ ಒಡೆದ ಕಲ್ಲುಮಣ್ಣು ಸುರಿದು ಮುಚ್ಚಿದ್ದಾರೆ.

ಜೈಲಿನಲ್ಲಿ ಯಂಕಣ್ಣನಿಗೆ ಒಂದೇ ಸಮಾಧಾನವಿತ್ತು: ತಮ್ಮನಿಗಾಗಿ ಒಂದಾದರೂ ಮಾಡಿದೆ. ಬಿಡುಗಡೆಯಾದ ದಿನ ನೇರ ಕಲ್ಯಾಣಕ್ಕೆ, ಚನಿಯನ ಹೆಂಡತಿ ಅಪ್ಪಿ ಇದ್ದ ಚಾಳಿನ ಖೋಲಿಗೆ ಹೋದ. ಅವಳು ಹೊರಗೆ ಬಂದು ಅವನ ಕೆನ್ನೆಗೆ ಹೊಡೆದಳು. ಸಾಲಿನ ಎಲ್ಲ ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು. ಮತ್ತೊಂದು ಹೊಡೆದಳು. ಅವನು ಕೈ ಅಡ್ಡ ತರಲಿಲ್ಲ.

"ಅವನ ಹಲ್ಲು ಉದುರಿಸಿ ನನಗೆಂತ ಸಿಕ್ಕಿತು ಬಾವ?" ಎಂದಳು. "ಆಸ್ಪತ್ರೆಯಿಂದ ಹೆಣ ಬಿಡಿಸಿಕೊಳ್ಳಲಿಕ್ಕೆ ಒಂದು ಗಂಡಸು ಇರ್ಲಿಲ್ಲ. ನಾನೇ ಹೊತ್ತೆ, ನಾನೇ ಬೆಂಕಿ ಕೊಟ್ಟೆ. ನೀವು ಹೊಡೆದದ್ದು ನಿಮ್ಮ ಕೋಪಕ್ಕೆ. ಅದಕ್ಕೆ ಇವರ ಹೆಸರು ಹಾಕ್ಬೇಡಿ."

 

ಅಪ್ಪಿ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುತ್ತಾಳೆ. ಯಂಕಣ್ಣ ಅಲ್ಲಿಯೇ ಮೂಟೆ ಹೊರುವ ಕೆಲಸ ಹಿಡಿದ. ಮೊದಲ ಒಂದು ವರ್ಷ ಅವಳು ಅವನೊಡನೆ ಮಾತಾಡಲಿಲ್ಲ. ಒಂದು ದಿನ ಕೂಲಿಗಳ ಮೇಲಿನ ಮುಕಾದಮ ಎಲ್ಲರೆದುರು ಅವಳಿಗೆ ಹೊಲಸು ಬೈದು, ಬುಟ್ಟಿಯನ್ನು ಕಾಲಿನಿಂದ ಒದ್ದ. ಯಂಕಣ್ಣ ಬೆನ್ನ ಮೇಲಿನ ಮೂಟೆಯನ್ನು ಕೆಳಗೆ ಹಾಕಿದ. ಮುಷ್ಟಿ ಬಿಗಿದುಕೊಂಡು ನಾಲ್ಕು ಹೆಜ್ಜೆ ನಡೆದ.

"ಬಾವ," ಎಂದಳು ಅಪ್ಪಿ, ತಲೆ ಎತ್ತದೆ, ಚದುರಿದ ಈರುಳ್ಳಿ ಹೆಕ್ಕುತ್ತ. "ಮೂಟೆ ಎತ್ತಿ."

ಅವನು ನಿಂತ. ಮುಕಾದಮ ಬೈಯುತ್ತಲೇ ಇದ್ದ. ಯಂಕಣ್ಣ ತಿರುಗಿ ಬಂದು ಮೂಟೆಯನ್ನು ಬೆನ್ನಿಗೇರಿಸಿಕೊಂಡು ಲಾರಿಯತ್ತ ನಡೆದ.