ಹೆಚ್ಚಾದ ಗ್ರೀಸು

ಚಪಾತಿ ಹಿಟ್ಟು ನಾದುವಾಗ ನನ್ನ ಉಗುರಂಚಿನ ಕರಿಗೆರೆ ಕಂಡು ಅಮ್ಮ ಮುಖ ಸಿಂಡರಿಸುತ್ತಿದ್ದಳು. ಎಷ್ಟು ತಿಕ್ಕಿದರೂ ಹೋಗದ ಆ ಗ್ರೀಸಿನ ಗೆರೆಯ ಬಗ್ಗೆ, ಮಿತ್ರರೆ, ನನಗೆ ಒಳಗೊಳಗೇ ಒಂದು ಬಿಂಕವಿತ್ತು. ತರಬೇತಿಯ ಎಂಜಿನಿಯರಾಗಿ ದೆಹಲಿಯ ಮಯೂರ್ ವಿಹಾರ್‌ನಿಂದ ಘಾಜಿಯಾಬಾದಿನ ಬಿಸ್ಕತ್ತು ಕಾರ್ಖಾನೆಗೆ ಮಂಜಿನಲ್ಲಿ ಹೋಗಿಬರುತ್ತಿದ್ದ ಮೊದಲ ಚಳಿಗಾಲ ಅದು. ಬೆಣ್ಣೆ, ಏಲಕ್ಕಿಗಳ ಘಮದಲ್ಲಿ ತೇಲುವ ಆ ಲೋಕದಲ್ಲಿ ಬಿಸ್ಕತ್ತುಗಳು ನಿದ್ದೆಗಣ್ಣಿನ ಮಕ್ಕಳಂತೆ ಸಾಲಾಗಿ ಓವನ್ನಿನೊಳಗೆ ಸಾಗುತ್ತಿದ್ದವು.

ಅವುಗಳನ್ನು ಹೊತ್ತ ಬೆಲ್ಟನ್ನು ಎಳೆಯುವ ರೋಲರಿನ ಬೇರಿಂಗುಗಳನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡ ಕಡೆಯ ಫಿಟ್ಟರ್ ಬಸಣ್ಣ. ಅವರ ನಿವೃತ್ತಿಗೆ ನಾಲ್ಕೇ ತಿಂಗಳಿತ್ತು. ಅವರು ರಜೆಯಲ್ಲಿದ್ದ ಒಂದು ದಿನ ಬೇರಿಂಗು ಸಣ್ಣಗೆ ಕಿರುಗುಟ್ಟಿತು. ಲೋಹ ಲೋಹವನ್ನು ಸವೆಸುವ ಆ ಸದ್ದು ಯಾರದೋ ನರಳಿಕೆಯಂತೆ ಕೇಳಿ, ಕರುಣೆಯಿಂದಲೇ ಗ್ರೀಸ್ ಗನ್ ಹಿಡಿದು, ಅಂಚಿನಿಂದ ಉಕ್ಕುವವರೆಗೂ ತುಂಬಿದೆ. ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಬೇರಿಂಗು ಕಾದು ಹೊಗೆಯಾಡಿತು. ಬೆಲ್ಟು ನಿಂತು ಒಳಗಿನ ಬಿಸ್ಕತ್ತುಗಳೆಲ್ಲ ಕರಕಲಾದವು. ಬಸಣ್ಣ ಗ್ರೀಸೇ ಹಾಕಿಲ್ಲ, ವಯಸ್ಸಾಯಿತು ಎಂದು ಮ್ಯಾನೇಜರರು ಎಲ್ಲರೆದುರು ಹಿಂದಿಯಲ್ಲಿ ಹರಿಹಾಯ್ದರು. ಬಸಣ್ಣ ಮುಚ್ಚಳ ಬಿಚ್ಚಿ, ಒಳಗೆ ಕಿಕ್ಕಿರಿದ ಗ್ರೀಸು ನೋಡಿ, ನನ್ನತ್ತ ಒಮ್ಮೆ ಕಣ್ಣು ಹಾಯಿಸಿ ಸುಮ್ಮನಾದರು. ಆ ಮೌನದಲ್ಲಿ ನಾನು ಹಾಯಾಗಿ ಅಡಗಿಕೊಳ್ಳಬಹುದಿತ್ತು. ಅಡಗಿಕೊಳ್ಳುವ ಆಸೆಯೂ ಆಯಿತು.

“ಸರ್, ಹಾಕಿದ್ದು ನಾನು. ಜಾಸ್ತಿ ಹಾಕಿಬಿಟ್ಟೆ,” ಎಂದೆ.

“ಅಚ್ಛಾ,” ಎಂದ ಮ್ಯಾನೇಜರರು ನನ್ನ ತರಬೇತಿಯನ್ನು ಆರು ತಿಂಗಳು ಮುಂದುವರಿಸಿ ಕಾಗದ ಕೊಟ್ಟರು. ಬೈಸಿಕೊಂಡ ಬಸಣ್ಣನವರಿಗೆ ಮಾತ್ರ ‘ತಪ್ಪಾಯಿತು’ ಎನ್ನದೆ ಹೊರಟುಹೋದರು.

“ನಿಮಗೆ ಗೊತ್ತಾಗಿತ್ತಲ್ಲ, ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ನಿಂದು ಹೊಸಾ ನೌಕರಿ, ತಂಗಿ. ನಂದೇನು, ನಾಕು ತಿಂಗಳದ್ದು,” ಎಂದು ಅವರು ಕೈ ಒರೆಸಿಕೊಂಡರು. “ಆದ್ರ ಒಂದು ತಿಳ್ಕೋ. ಹೊಟ್ಟಿ ಬಿರಿಯೂಹಂಗ ಉಣಿಸಿ ಓಡು ಅಂದ್ರ ಯಾರು ಓಡ್ತಾರ? ಒಳಗಿನ ಗುಂಡು ಉರುಳಲಿಕ್ಕೆ ಜಾಗಾ ಬೇಕಲ್ಲ.”

ಘರ್ಷಣೆಯನ್ನು ಶತ್ರುವೆಂದೇ ಓದಿದ್ದವಳು ನಾನು. ತಣಿಸಲೆಂದು ತುಂಬಿದ್ದೇ ಬೆಂಕಿಯಾಗುತ್ತದೆಂದು ಯಾವ ಪರೀಕ್ಷೆಯೂ ನನ್ನನ್ನು ಕೇಳಿರಲಿಲ್ಲ. ನನ್ನನ್ನು ಕಾಯಲು ಹೊರಟ ಅವರ ಮೌನವೂ ಅಳತೆ ಮೀರಿದ್ದೇ ಆಗಿತ್ತೇನೋ!

ಹೊಸ ಬೇರಿಂಗಿಗೆ ಗ್ರೀಸು ಹಾಕಲು ಅವರು ನನ್ನನ್ನೇ ಕೂರಿಸಿದರು. ಒಂದು ಪಾಲು ತುಂಬಿ ಎರಡು ಪಾಲು ಖಾಲಿ ಬಿಟ್ಟೆ. ಬೆಲ್ಟು ಹೊರಟು ಸುಮಾರು ಹೊತ್ತಾದ ಮೇಲೆ ನನ್ನ ಅಂಗೈಯನ್ನು ಬೇರಿಂಗಿನ ಕವಚದ ಮೇಲೆ ಇಡಿಸಿದರು.

“ಹೆಂಗೈತಿ?”

“ಉಗುರು ಬೆಚ್ಚಗಿದೆ.”

“ಹಂಗಾದ್ರ ನಾ ಚಹಾ ಕುಡದು ಬರ್ತೀನಿ,” ಎಂದು, ಯಾರ ಕೈಗೂ ಬಿಡದ ಆ ಯಂತ್ರವನ್ನು ನನಗೊಪ್ಪಿಸಿ, ಬಸಣ್ಣ ತಿರುಗಿಯೂ ನೋಡದೆ ನಡೆದರು.