ಗೋಪುರದ ಬುಡದಲ್ಲಿ ಅತ್ತೆಯ ಉಸಿರು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮೂವತ್ತು ಮೀಟರ್ ಎತ್ತರದ ಉಕ್ಕಿನ ಗೋಪುರವನ್ನು, ಸೊಂಟಪಟ್ಟಿಯ ಎರಡು ಕೊಕ್ಕೆಗಳನ್ನು ಒಂದಾದ ಮೇಲೊಂದು ಕಂಬಿಗೆ ಸಿಕ್ಕಿಸುತ್ತಾ, ಸೊಸೆ ಹತ್ತುತ್ತಿದ್ದಾಳೆ. ಬುಡದಿಂದ ಸ್ವಲ್ಪ ದೂರ, ಹುಲ್ಲಿನ ನಡುವೆ, ಅತ್ತೆ ಕತ್ತೆತ್ತಿ ನಿಂತಿದ್ದಾರೆ.

"ಕೊಕ್ಕೆ ಹಾಕಿದ್ಯಾ?"

"ಹಾಕ್ದೆ ಅತ್ತೆ. ಹೋದ ಮೆಟ್ಟಿಲಲ್ಲೂ ಕೇಳಿದ್ರಿ."

"ಮುಂದಿನ ಮೆಟ್ಟಿಲಲ್ಲೂ ಕೇಳ್ತೀನಿ. ನೀನು ಬಿದ್ರೆ ಅತ್ತೆನೇ ತಳ್ಳಿದ್ಲು ಅಂತಾರೆ ಜನ."

ನೆಲಕ್ಕೂ ಗಾಳಿಗೂ ನಡುವಿನ ಕೊಡುಕೊಳ್ಳುವಿಕೆಯನ್ನು ಅಳೆಯುವ ಕೇಂದ್ರವಿದು. ಮಣ್ಣು, ಹುಲ್ಲು ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಎಷ್ಟು ಹೀರುತ್ತವೆ, ಎಷ್ಟು ತೇವ ಮೇಲೇರುತ್ತದೆ ಎಂಬುದನ್ನು ಉಪಕರಣಗಳು ಹಗಲಿರುಳು ದಾಖಲಿಸುತ್ತವೆ. ವಾರಕ್ಕೊಮ್ಮೆ ಸೊಸೆ ತುದಿಗೇರಿ ಅವುಗಳ ಗಾಜು ಒರೆಸುತ್ತಾಳೆ. ಅವಳು ಮೇಲಿರುವಾಗ ತುದಿಯ ಉಪಕರಣದ ಆ ಅರ್ಧ ಗಂಟೆಯ ಅಳತೆಯನ್ನು ಹೇಗೂ ಕೈಬಿಡುತ್ತಾರೆ. ಬುಡದಲ್ಲಿ ಗಾಳಿ ಹೀರುವ ಕೊಳವೆಗಳು ಮಾತ್ರ ಅಳೆಯುತ್ತಲೇ ಇರುತ್ತವೆ. ಹತ್ತಿರ ನಿಂತವರ ಉಸಿರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಾಗಾಗಿ ಗಾಳಿಯು ಕೊಳವೆಗಳನ್ನು ದಾಟಿ ತಮ್ಮ ಕಡೆಗೆ ಬರುವಂತೆ ಅತ್ತೆ ನಿಲ್ಲಬೇಕು. ಗಾಳಿ ತಿರುಗಿದರೆ ಅವರೂ ತಿರುಗಬೇಕು. ಅದು ನಿಯಮ.

ಅವರು ಕೇಂದ್ರಕ್ಕೆ ಸೇರಿ ಹನ್ನೊಂದು ವರ್ಷ. ಹುಲ್ಲು ಕತ್ತರಿಸುವುದು, ಮಣ್ಣಿನ ಮೇಲೆ ಕೂರಿಸಿದ ಅಳತೆಯ ಡಬ್ಬಿಗಳ ಮುಚ್ಚಳ ಒರೆಸುವುದು, ಹತ್ತಿದವರ ಮೇಲೆ ಕಣ್ಣಿಡುವುದು ಅವರ ಕೆಲಸ. ಮೂರು ವರ್ಷದ ಹಿಂದೆ, ಸೊಸೆಗಿಂತ ಮೊದಲು ಹತ್ತುತ್ತಿದ್ದವ ಅವರ ಕಣ್ಣೆದುರೇ ಬಿದ್ದ. ಬದುಕಿದ್ದಾನೆ, ಊರುಗೋಲು ಹಿಡಿದು ನಡೆಯುತ್ತಾನೆ. "ಕೊಕ್ಕೆ ಬದಲಾಯಿಸ್ತಾ ಏನೋ ತಮಾಷೆ ಹೇಳ್ತಿದ್ದ. ಅರ್ಧಕ್ಕೇ ನಿಂತೋಯ್ತು. ಆ ತಮಾಷೆ ಏನಂತ ಇವತ್ತಿಗೂ ಕೇಳೋ ಧೈರ್ಯ ಬಂದಿಲ್ಲ ನಂಗೆ," ಎನ್ನುತ್ತಾರೆ.

ಆ ಕೆಲಸವನ್ನು ಸೊಸೆ ಒಪ್ಪಿಕೊಂಡ ದಿನ ಮನೆಯಲ್ಲಿ ಅತ್ತೆ ಅವಳೊಂದಿಗೆ ಮಾತು ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಈಗ ಗಾಳಿ ತಿರುಗುತ್ತದೆ. ಅತ್ತೆ ಗೋಪುರವನ್ನು ಬಳಸಿಕೊಂಡು ಆಚೆ ಬದಿಗೆ ಹೋಗುತ್ತಾರೆ. ಈ ಬದಿಯಲ್ಲಿ ಗೋಪುರದ ನಡುವಿನ ಸೌರ ಫಲಕಗಳು ಅಡ್ಡ, ಸೊಸೆ ಕಾಣುವುದಿಲ್ಲ. ಕೊಕ್ಕೆ ಕಂಬಿಗೆ ಬೀಳುವ ಟಕ್ ಟಕ್ ಸದ್ದೊಂದೇ ಆಧಾರ.

ಸದ್ದು ನಿಲ್ಲುತ್ತದೆ.

"ಹಾಕಿದ್ಯಾ?"

ಅತ್ತೆ ದನಿ ಏರಿಸುತ್ತಾರೆ.

"ಏ ಹುಡುಗಿ, ಹಾಕಿದ್ಯೇನೇ?"

ಅತ್ತೆ ನಿಯಮವನ್ನು ಗಾಳಿಗೆ ತೂರಿ ಬುಡಕ್ಕೆ ಓಡುತ್ತಾರೆ. ಕೊಳವೆಗಳ ಪಕ್ಕದಲ್ಲೇ ನಿಂತು ನೋಡಿದರೆ, ಸೊಸೆ ತುದಿಯ ಹತ್ತಿರ ಕಂಬಿಯನ್ನು ತಬ್ಬಿ ಕಲ್ಲಾಗಿದ್ದಾಳೆ. ಟೊಳ್ಳು ಕಂಬಿಯೊಳಗಿಂದ ಹೊರಟ ಕಣಜದ ಹುಳುಗಳು ಅವಳ ತಲೆಯನ್ನು ಮುತ್ತಿವೆ. ಬಾಯಿ ತೆರೆಯುವಂತಿಲ್ಲ, ಕಣ್ಣು ಬಿಡುವಂತಿಲ್ಲ.

ಅತ್ತೆ ಕಿರುಚುವುದಿಲ್ಲ. ಒಂದೊಂದೇ ಮಾತನ್ನು ಬಿಡಿಸಿ ಗಟ್ಟಿಯಾಗಿ ಹೇಳುತ್ತಾರೆ.

"ಕಣ್ಣು ಬಿಡ್ಬೇಡ. ನಾನು ನೋಡ್ತಿದೀನಿ. ಬಲಗಾಲು ಕೆಳಗೆ. ಇನ್ನೂ ಸ್ವಲ್ಪ. ಹಾಂ, ಸಿಕ್ತು. ಈಗ ಒಂದೇ ಕೊಕ್ಕೆ ಬಿಚ್ಚು. ಒಂದೇ ಒಂದು. ಕೆಳಗಿನ ಕಂಬಿಗೆ ಹಾಕು. ಅವಸರ ಇಲ್ಲ, ನಾನೆಲ್ಲೂ ಹೋಗಲ್ಲ."

ಟಕ್.

ನೆಲ ಮುಟ್ಟುವ ಹೊತ್ತಿಗೆ ಸೊಸೆಯ ಒಂದು ಕಣ್ಣು ಊದಿ ಮುಚ್ಚಿಹೋಗಿದೆ. "ತುಟಿ ಪಿಟಕ್ಕೆನ್ನದೆ ನನ್ನ ಮಾತು ಕೇಳಿದ್ದು ಇದೇ ಮೊದಲು," ಎನ್ನುತ್ತಾರೆ ಅತ್ತೆ. ಬಾಟಲಿಯ ನೀರಿನಿಂದ ಸೆರಗು ಒದ್ದೆ ಮಾಡಿ ಅವಳ ಕಣ್ಣಿಗೆ ಒತ್ತುತ್ತಾರೆ.

ಏಳಕ್ಕೆ ಕೇಂದ್ರದ ಅಳತೆಗಳನ್ನು ನೋಡುವ ಸಂಶೋಧಕಿಯ ಫೋನ್. "ಕೆಳಗಿನ ಕೊಳವೆ ಹತ್ರ ಯಾರಿದ್ರು? ಗ್ರಾಫ್ ಗುಡ್ಡದ ಹಾಗೆ ಎದ್ದಿದೆ."

"ನಾನೇ. ಅದು ನನ್ನ ಉಸಿರು. ತೆಗೆದುಹಾಕಿ," ಎಂದ ಅತ್ತೆ ನಡೆದದ್ದನ್ನು ಹೇಳುತ್ತಾರೆ.

ಅವರಿಗಿರುವ ಆಸೆ ಒಂದೇ. "ಇವಳು ಹತ್ತೋವಾಗ ಇವಳು ಕಾಣೋ ಕಡೆ ನಿಲ್ಲೋಕೆ ಬಿಡ್ಲಿ. ಬೇರೇನೂ ಬೇಡ."

ಅನುಮತಿ ಇನ್ನೂ ಬಂದಿಲ್ಲ. ಕಣಜದ ಗೂಡು ತೆಗೆಸಿದ ಮರುವಾರ ಸೊಸೆ ಮತ್ತೆ ಹತ್ತಿದಳು. ಅರ್ಧ ದಾರಿಯಲ್ಲಿ ಗಾಳಿ ತಿರುಗಿತು. ಅತ್ತೆ ಕದಲಲಿಲ್ಲ. ಕೆಳಗಿನ ಕೊಳವೆಗಳ ಆ ಅರ್ಧ ಗಂಟೆಯ ಅಳತೆಯನ್ನೂ ತೆಗೆದುಹಾಕಲಾಯಿತು.