ಬೀಳದೇ ಇದ್ದ ಟ್ರೈಲರ್

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ಕನ್ನಡ ಹೆಂಗಸರ ಭಜನಾ ಮಂಡಳಿಯಲ್ಲಿ ಯಾರಾದರೂ ‘ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು’ ಎಂದು ಶುರು ಮಾಡಿದರೆ, ಅವತ್ತು ಊಟ ಮಾಡಿದ್ದಿರೋ ಇಲ್ಲವೋ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದವಳು ನಾನು. ನನ್ನ ಕೆಲಸವೂ ಅಂಥದ್ದೇ. ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ವಾಹನಗಳ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತೇನೆ. ಅಳತೆಗೆ ಸಿಕ್ಕಿದ್ದನ್ನು ಬರೆಯಬೇಕು, ಸಿಗದ್ದನ್ನು ಬರೆಯಬಾರದು. ಈಗ ಬರೆಯಹೊರಟಿರುವುದು ಸಿಗದ್ದನ್ನು. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ಒಂದು ಹುಚ್ಚು ಹಿಡಿಯಿತು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಮಲಗಲು ಮಂಚ, ಒಲೆ, ಪುಟ್ಟ ಕಿಟಕಿ ಎಲ್ಲ ಇರುವ ಪ್ರವಾಸದ ಟ್ರೈಲರ್ ಒಂದನ್ನು ಮೀರಜದ ಒಬ್ಬರಿಂದ ಹಳೆಯದೇ ತಂದರು. ನಮ್ಮ ಮನೆಯವರು ಧಾರವಾಡದ ಕಡೆಯವರು, ಖಡಕಿಯಲ್ಲಿ ನೌಕರಿ. ವರ್ಷಕ್ಕೆ ಹತ್ತು ದಿನವಾದರೂ ಗೋಡೆಯಿಲ್ಲದ ಕಡೆ ಮಲಗಬೇಕೆಂಬ ಆಸೆ. ನಾನೂ ಬೇಡವೆನ್ನಲಿಲ್ಲ.

ಮೊದಲ ಸಲ ಎಳೆದುಕೊಂಡು ಹೊರಟಾಗಲೇ ಕಾತ್ರಜ ಘಾಟಿನ ಇಳಿಜಾರಿನಲ್ಲಿ ಅದು ಎಡಕ್ಕೂ ಬಲಕ್ಕೂ ಓಲಾಡತೊಡಗಿತು. ಒಂದು ತಿರುವಿನಲ್ಲಿ ಇಡೀ ಜೀಪನ್ನೇ ಬಾಲ ಹಿಡಿದು ಬೀಸಿದಂತೆ ಬೀಸಿತು. ಎದುರಿನಿಂದ ಬಂದ ಲಾರಿಯ ಕನ್ನಡಿ ನಮ್ಮ ಮನೆಯವರ ಕಡೆಯ ಗಾಜನ್ನು ಪುಡಿ ಮಾಡಿ ಹೋಯಿತು. ಇಬ್ಬರ ಮಡಿಲ ತುಂಬ ಗಾಜು. ಹೇಗೋ ಪಕ್ಕಕ್ಕೆ ಹಾಕಿ ನಿಲ್ಲಿಸಿದೆವು. ಅವರ ಕೈ ಸ್ಟಿಯರಿಂಗ್ ಬಿಟ್ಟು ಬರಲೊಲ್ಲದು. ನಾನೇ ಬೆರಳು ಬಿಡಿಸಿದೆ.

“ಕೆಳಗ ಎಲ್ಲಾ ಸವದು ಹೋಗೇದ. ಪೂರಾ ಬಿಚ್ಚಿ ನೋಡೂತನಕ ಇದನ್ನ ಒಂದು ಗೇಣೂ ಎಳ್ಯಾಂಗಿಲ್ಲ,” ಎಂದೆ.

ಚಿಂಚವಾಡದಲ್ಲಿ ಶಿಂದೆ ಎನ್ನುವವರ ವೆಲ್ಡಿಂಗ್ ಶೆಡ್ ಇದೆ. ಅವರು ನಮ್ಮ ಮನೆಯವರ ಹಳೆಯ ಸ್ನೇಹಿತರು. ಶೆಡ್ಡಿನ ಅಂಗಳಕ್ಕೆ ಟ್ರೈಲರನ್ನು ಲಾರಿಯ ಮೇಲೆ ಹೇರಿ ತಂದೆವು. ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೇ ಕೆಲಸ ಹಿಡಿದೆವು. ತಪಾಸಣೆ ನನ್ನದು, ಬಿಚ್ಚುವುದು ನಮ್ಮ ಮನೆಯವರದು.

ನಾನು ಊಹಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಗಾಡಿಯ ಭಾರವನ್ನೆಲ್ಲ ಹೊರುವ ಕಮಾನು ಪಟ್ಟಿಗಳು ಬಾಗುವ ಶಕ್ತಿ ಕಳೆದುಕೊಂಡು ಚಪ್ಪಟೆಯಾಗಿದ್ದವು. ಪಟ್ಟಿಯನ್ನು ಚೌಕಟ್ಟಿಗೆ ಜೋಡಿಸುವ ಶ್ಯಾಕಲ್‌ಗಳ ದುಂಡು ತೂತುಗಳು ಮೊಟ್ಟೆಯಾಕಾರವಾಗಿದ್ದವು. ತೂತಿನೊಳಗಿನ ರಬ್ಬರ್ ಬಳೆಗಳು, ಅಂದರೆ ಬುಶ್‌ಗಳು, ಬೆರಳಿನಿಂದ ಒತ್ತಿದರೆ ಉದುರುತ್ತಿದ್ದವು. ಎಡಗಡೆಯ ಮುಖ್ಯ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸೀಮೆಸುಣ್ಣದ ಪುಡಿ ಸವರಿದೆ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಸೀಳು ಅಲ್ಲಿದೆ ಎಂದರ್ಥ. ಎಲ್ಲವನ್ನೂ ತೆಗೆದು ಹಾಕಿ, ಒಂದು ಪಟ್ಟಿ ಹೆಚ್ಚಿರುವ ಹೊಸ ಕಮಾನು, ದಪ್ಪ ಶ್ಯಾಕಲ್, ಗ್ರೀಸ್ ತುಂಬಬಹುದಾದ ಹಿತ್ತಾಳೆ ಬುಶ್ ಕೂಡಿಸುವುದೆಂದು ಠರಾಯಿಸಿದೆವು. ಅಂದಾಜಿನ ಮೇಲೆ ಸಾಮಾನೆಲ್ಲ ಮೊದಲೇ ತಂದಿಟ್ಟದ್ದಾಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗಾಡಿಯನ್ನು ಮೇಲಕ್ಕೆತ್ತಿ ನಿಲ್ಲಿಸಿದವಳು ನಾನೇ. ಜಾಕ್ ಮೇಲೆ ನಂಬಿಕೆ ಇಡದೆ, ಚೌಕಟ್ಟಿನ ನಾಲ್ಕು ಮೂಲೆಗೆ ಭಾರ ಹೊತ್ತು ನಿಲ್ಲುವ ನಾಲ್ಕು ಕಬ್ಬಿಣದ ಊರುಗಾಲುಗಳನ್ನು, ಅಂದರೆ ಘೋಡಿಗಳನ್ನು, ಕೊಟ್ಟಿದ್ದೆ. ಬಿಚ್ಚಿದ ಎರಡು ಚಕ್ರಗಳನ್ನೂ ಚೌಕಟ್ಟಿನ ಕೆಳಗೆ ಮಲಗಿಸಿದ್ದೆ. ಘೋಡಿ ಜಾರಿದರೂ ಗಾಡಿ ಚಕ್ರದ ಮೇಲೆ ಕೂಡಬೇಕು, ಮನುಷ್ಯನ ಮೇಲಲ್ಲ. ನೆಲ ಸಿಮೆಂಟಿನದು. ನಾನು ಮತ್ತು ಶಿಂದೆ ಇಬ್ಬರೂ ಭುಜ ಕೊಟ್ಟು ನೂಕಿ ನೋಡಿದ್ದೆವು. ಅಲುಗಲಿಲ್ಲ.

ಹನ್ನೊಂದು ಗಂಟೆಯ ಸುಮಾರು. ಚುರುಗುಟ್ಟುವ ಬಿಸಿಲು. ಶಿಂದೆ ಚಹಾ ತರಲು ಹೋಗಿದ್ದರು. ನಮ್ಮ ಮನೆಯವರು ಗೋಣಿ ಹಾಸಿಕೊಂಡು ಕೆಳಗೆ ಅಂಗಾತ ಮಲಗಿದ್ದರು. ಮೊಣಕಾಲಿನಿಂದ ಕೆಳಗಷ್ಟೇ ಹೊರಗೆ ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಟ್ ಬಿಚ್ಚಲು ಅವರು ಕೇಳಿದ ಅಳತೆಯ ಪಾನಾ ಕೊಡುತ್ತಿದ್ದೆ.

ಮೊದಲು ಸದ್ದು. ಟ್ರೈಲರಿನ ಒಳಗಿನಿಂದ, ಯಾರೋ ಹಿಮ್ಮಡಿಯಿಂದ ನೆಲವನ್ನು ಒದೆಯುತ್ತಿರುವಂತೆ.

“ಬಡ್ಯಾಕತ್ತೀರೇನ್ರಿ?”

“ಎಲ್ಲಿ ಬಡೀಲಿ? ನಟ್ ಬಿಚ್ಚಾಕತ್ತೇನಿ,” ಕೆಳಗಿನಿಂದ ಅವರ ದನಿ. “ನೀನs ಏನರ ಬಡೀಲಿಕತ್ತೀ ಅಂತ ಮಾಡಿದ್ದೆ.”

ಅವರಿಗೂ ಕೇಳಿಸಿತ್ತು ಎಂಬುದನ್ನು ನೆನಪಿಡಿ. ನಾನು ಎದ್ದು ಬಾಗಿಲ ಕಡೆ ನೋಡಿದೆ. ಹೊರಗಿನಿಂದ ನಾನೇ ಹಾಕಿದ್ದ ಬೀಗ ಹಾಗೇ ಇತ್ತು. ಮತ್ತೆ ತಿರುಗುವಷ್ಟರಲ್ಲಿ ಟ್ರೈಲರ್ ಬಿತ್ತು.

ಬಿತ್ತು ಎಂದೇ ಬರೆಯುತ್ತೇನೆ, ಏಕೆಂದರೆ ನಾನು ನೋಡಿದೆ. ಘೋಡಿಗಳು ಹೊರಕ್ಕೆ ಹಾರಿದವು. ಇಡೀ ಭಾರ ಒಂದೇ ಪೆಟ್ಟಿಗೆ ನೆಲಕ್ಕೆ ಕೂತಿತು. ಕಾಲಡಿಯ ಸಿಮೆಂಟು ನಡುಗಿದ್ದು ನನ್ನ ಮೊಣಕಾಲಿಗೆ ತಿಳಿಯಿತು. ಹೊರಗೆ ಉಳಿದಿದ್ದ ಎರಡು ಕಾಲುಗಳು ನೆಲವನ್ನು ಪಟಪಟ ಬಡಿಯತೊಡಗಿದವು. ಗೋಣಿಯ ಅಂಚಿನಿಂದ ರಕ್ತ ಹರಿದು ನನ್ನ ಚಪ್ಪಲಿಯವರೆಗೆ ಬಂತು. ಕೆಳಗೆ ಮಲಗಿಸಿದ್ದ ಚಕ್ರಗಳು ಅಲ್ಲಿರಲಿಲ್ಲ.

ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡೆ. ಚೌಕಟ್ಟಿನ ಕೆಳಗೆ ತುರುಕಿ ಮೀಟಬೇಕೆಂದು ಬಗ್ಗಿದೆ. ಆಗ ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದರು. ಹಿಡಿದರು ಎಂದರೆ ಕೈಗೆ ಸುತ್ತಿಕೊಂಡು ಹಿಡಿದರು. ನನ್ನ ಕತ್ತು ಹಿಂದಕ್ಕೆ ಬಾಗಿತು. ಆಮೇಲೆ ಅದೇ ಕೈ ನನ್ನ ಮುಖವನ್ನು ಟ್ರೈಲರಿನ ತಗಡಿಗೆ ಬಡಿಯಿತು. ಒಂದು ಸಲ, ಇನ್ನೊಂದು ಸಲ. ಹಲ್ಲು ಮುರಿದು ನಾಲಿಗೆಯ ಮೇಲೆ ಬಂತು. ಕಾಲುಗಳು ಇನ್ನೂ ಬಡಿಯುತ್ತಿದ್ದವು, ಆದರೆ ನಿಧಾನವಾಗುತ್ತಿದ್ದವು. ಅವು ನಿಲ್ಲುವುದರೊಳಗೆ ನಾನು ಬಿಡಿಸಿಕೊಳ್ಳಬೇಕಿತ್ತು.

ನಾನು ಜನ್ಮದಲ್ಲಿ ಯಾರ ಮೇಲೂ ಕೈ ಮಾಡಿದವಳಲ್ಲ. ಅವತ್ತು ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಬೀಸಿದೆ. ಅದು ತಗುಲಿತು. ಮಾಂಸಕ್ಕೆ ತಗುಲಿದ್ದು ಎಂದು ಕೈಗೆ ಗೊತ್ತಾಗುತ್ತದೆ, ಕಬ್ಬಿಣಕ್ಕೆ ತಗುಲಿದರೆ ಹಾರೆ ಕೈಯಲ್ಲಿ ಝುಮ್ಮೆನ್ನುತ್ತದೆ. ಮತ್ತೆ ಬೀಸಿದೆ. ಕೊಲ್ಲಬೇಕೆಂದೇ ಬೀಸಿದೆ, ಸುಳ್ಳು ಹೇಳುವುದಿಲ್ಲ. ಜಡೆ ಸಡಿಲವಾಯಿತು. ನಾನು ಹೊರಳಿ ನಿಂತು ಕಣ್ಣಿಗೆ ಇಳಿದ ರಕ್ತದ ನಡುವೆಯೇ ಇನ್ನೂ ಬೀಸಿದೆ. ಕೊನೆಯ ಏಟಿಗೆ ಒಂದು ಎಲುಬು ಮುರಿದ ಸದ್ದು, ಅದರ ಹಿಂದೆಯೇ ನಾನು ಗುರುತಿಸಬಲ್ಲ ದನಿ.

“ಸಾಕ ಬಿಡ! ನಾನದೀನಿ, ನಾನs ಅದೀನಿ!”

ನಮ್ಮ ಮನೆಯವರು ನನ್ನ ಮುಂದೆ ನೆಲದ ಮೇಲೆ ಬಿದ್ದಿದ್ದರು. ಬಲ ಮೊಣಕಾಲಿನ ಕೆಳಗಿನ ಎಲುಬು ಮುರಿದು ಪಾದ ಬೇರೆ ಕಡೆ ತಿರುಗಿತ್ತು. ಟ್ರೈಲರ್ ನಾಲ್ಕು ಘೋಡಿಗಳ ಮೇಲೆ ಹೇಗಿತ್ತೋ ಹಾಗೇ ನಿಂತಿತ್ತು. ಚಕ್ರಗಳು ಕೆಳಗೆ ನಾನು ಮಲಗಿಸಿದಲ್ಲೇ ಇದ್ದವು. ಗೋಣಿಯ ಮೇಲೆ ಒಂದು ಹನಿ ರಕ್ತವಿರಲಿಲ್ಲ.

ಶಿಂದೆ ಚಹಾದ ಕಿಟ್ಲಿ ಹಿಡಿದು ಗೇಟಿನಲ್ಲಿ ನಿಂತುಬಿಟ್ಟಿದ್ದರು. “ವಹಿನಿ, ಹೇ ಕಾಯ ಕೇಲಂತ?” ಎಂದರು. ಅತ್ತಿಗೆ, ಇದೇನು ಮಾಡಿದಿರಿ ಎಂದು. ನನ್ನ ಕೈಯಿಂದ ಹಾರೆ ಬಿಡಿಸಿಕೊಳ್ಳಲು ಅವರು ಜೋರು ಮಾಡಬೇಕಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಅವರ ಕಾಲನ್ನೂ ನನ್ನ ಮುಖವನ್ನೂ ನೋಡಿ, ನನ್ನನ್ನು ಹೊರಗೆ ಕಳಿಸಿ, ಯಾರು ಯಾರನ್ನು ಹೊಡೆದದ್ದು ಎಂದು ಕೇಳಿದರಂತೆ. ಜಾಕ್ ಜಾರಿತು, ಇಬ್ಬರಿಗೂ ಪೆಟ್ಟಾಯಿತು ಎಂದು ನಮ್ಮ ಮನೆಯವರು ಹೇಳಿದರು. ಅತ್ತೆಯವರು ಮಾತ್ರ ಒಪ್ಪಲಿಲ್ಲ. “ಖರೆ ಹೇಳವಾ, ನನ್ನ ಮಗ ನಿನಗೇನು ಮಾಡಿದ್ದ?” ಎಂದು ಎರಡು ತಿಂಗಳು ಕೇಳಿದರು. ಮಗನ ಹಾಸಿಗೆಯ ಪಕ್ಕ ನನ್ನನ್ನು ಒಬ್ಬಳೇ ಕೂರಲು ಅವರು ಬಿಡುತ್ತಿರಲಿಲ್ಲ. ನಾನು ಅದನ್ನು ತಪ್ಪೆನ್ನುವುದಿಲ್ಲ. ನನಗೂ ನನ್ನ ಕೈಗಳ ಭಯವಿತ್ತು. ಈಳಿಗೆ ಮಣೆಯ ಮುಂದೆ ಕೂರುವುದನ್ನು ಬಿಟ್ಟಿದ್ದೆ.

ಮಿದುಳಿನ ಡಾಕ್ಟರ ಬಳಿ ನಾನೇ ಹೋದೆ. ತಲೆಗೆ ತಂತಿಗಳನ್ನು ಅಂಟಿಸಿ ನೋಡಿದರು, ಯಂತ್ರದೊಳಗೆ ಮಲಗಿಸಿ ನೋಡಿದರು. ಏನೂ ಇಲ್ಲ ಎಂದರು. ಮೀರಜದ ಹಳೆಯ ಮಾಲೀಕರಿಗೆ ಫೋನು ಮಾಡಿ, ಈ ಟ್ರೈಲರಿನಲ್ಲಿ ಅಥವಾ ಇದರ ಕೆಳಗೆ ಯಾರಿಗಾದರೂ ಏನಾದರೂ ಆಗಿತ್ತೇ ಎಂದು ಕೇಳಿದೆ. “ಇಲ್ರೀ ಬಾಯಾರ, ಒಂದು ನಾಯಿಗೂ ತಾಗಿಲ್ಲ. ಯಾಕ್ರಿ, ಬ್ರೇಕ್ ಹಿಡೀವಲ್ವೇನು?” ಎಂದರು. ಅವರ ದನಿಯಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ.

ಕಾಲು ಕೂಡಿಕೊಂಡ ಮೇಲೆ ಒಂದು ದಿನ ಅವರು ತಾವಾಗಿಯೇ ಮಾತು ತೆಗೆದರು. ಅದುವರೆಗೆ ನಾವಿಬ್ಬರೂ ಆ ವಿಷಯ ಎತ್ತಿರಲಿಲ್ಲ.

“ನೀ ಒಮ್ಮೆಲೇ ಚೀರಿದಿ. ನಾ ಸರದು ಹೊರಗ ಬಂದು ನಿನ್ನ ಹಿಂದ ಬಂದೆ. ನೀ ಬೆನ್ನು ತಿರುಗಿಸಿ ನಿಂತಿದ್ದಿ. ನಿನ್ನ ಜಡಿ ನೆಟ್ಟಗ ಹಿಂದಕ್ಕ ನಿಂತಿತ್ತು. ಹಗ್ಗಾ ಜಗ್ಗಿ ಹಿಡದಾಂಗ. ಹಿಡದವರು ಯಾರೂ ಇರಲಿಲ್ಲ.”

“ಇಷ್ಟು ದಿನಾ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀ ಹೆದರ್ತಿದ್ದಿ. ನಾ ಹೇಳಲಿಲ್ಲ ಅಂದ್ರ, ನೀನs ಹೊಡದಿ ಅಂತಷ್ಟs ಆಗ್ತದ. ಹೆದರೂದಕ್ಕಿಂತ ಅದು ಚಲೋ ಅನಿಸ್ತು.”

ನನಗೆ ಅಳು ಬಂತು. ಗಂಡನ ಕಾಲು ಮುರಿದ ಹುಚ್ಚಿ ಎಂದು ಅಷ್ಟು ತಿಂಗಳು ನನ್ನನ್ನೇ ನಾನು ಹೊತ್ತುಕೊಂಡು ತಿರುಗಿದ್ದೆ. ಈಗ ಹುಚ್ಚಿಯಲ್ಲವೆಂದು ಗೊತ್ತಾದದ್ದು ಅದಕ್ಕಿಂತ ಭಯಂಕರವಾಗಿತ್ತು.

ಟ್ರೈಲರನ್ನು ನಾವು ಮಾರಲಿಲ್ಲ. ಉಳಿದ ಕೆಲಸವನ್ನು ಶಿಂದೆ ಮುಗಿಸಿಕೊಟ್ಟರು. ಈಗ ಅದು ಘಾಟಿನಲ್ಲೂ ಓಲಾಡುವುದಿಲ್ಲ, ಹೊಂಡಕ್ಕೆ ಬಿದ್ದರೆ ಮೆತ್ತಗೆ ಎದ್ದು ಮುಂದೆ ಹೋಗುತ್ತದೆ. ನಾವು ಅದರಲ್ಲಿ ಎಷ್ಟೋ ಸಲ ಮಲಗಿ ಬಂದಿದ್ದೇವೆ. ಏನೂ ಆಗಿಲ್ಲ. ಗ್ರೀಸ್ ಹೊಡೆಯಲು ನಾನೇ ಕೆಳಗೆ ಇಳಿಯುತ್ತೇನೆ, ಅವರನ್ನು ಇಳಿಯಗೊಡುವುದಿಲ್ಲ.

ಇನ್ನೊಂದು ಮಾತು ಉಳಿದಿದೆ. ಘಟನೆಯಾದ ಒಂದು ವಾರಕ್ಕೆ ನಾನು ಆ ಅಂಗಳಕ್ಕೆ ಹೋಗಿ, ಕಾರ್ಖಾನೆಯಲ್ಲಿ ಮಾಡುವಂತೆ, ಒಂದೊಂದೇ ಮೊಳ ತಪಾಸಣೆ ಮಾಡಿದೆ. ತಗಡಿನ ಮೇಲೆ ನನ್ನ ಹಣೆ ಬಡಿದ ತಗ್ಗು ಇತ್ತು. ಬೇರೆ ಎಲ್ಲಿಯೂ, ತಗಡಿನ ಮೇಲಾಗಲಿ, ಚೌಕಟ್ಟಿನ ಮೇಲಾಗಲಿ, ಸಿಮೆಂಟಿನ ಮೇಲಾಗಲಿ, ಹಾರೆ ತಗುಲಿದ ಗುರುತಿರಲಿಲ್ಲ. ಅವರ ಮೈಮೇಲೆ ಇದ್ದದ್ದು ಒಂದೇ ಒಂದು ಏಟು. ನಾನು ಹೊಡೆದದ್ದು ಆರು, ಕಡಿಮೆಯೆಂದರೆ ಐದು. ಒಂದೂ ಗಾಳಿಗೆ ಹೋಗಲಿಲ್ಲ, ಎಲ್ಲವೂ ತಗುಲಿದವು. ಅಷ್ಟನ್ನು ನಾನು ಯಾವ ರಿಪೋರ್ಟಿನಲ್ಲಾದರೂ ಸಹಿ ಮಾಡಿ ಬರೆದು ಕೊಡಬಲ್ಲೆ. ಉಳಿದ ಏಟುಗಳನ್ನು ತಿಂದವರು ಯಾರು, ಅವರು ಈಗ ಹೇಗಿದ್ದಾರೆ ಎಂದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.